ಹಿಮ ಕೊರೆದ ಕಣಿವೆಯಲ್ಲಿ ಭಾಗೀರಥಿ

ಕೆಲವು ವರ್ಷಗಳ ಹಿಂದೆ ಒಂಬತ್ತನೆಯ ತರಗತಿಯಲ್ಲಿ 'ಭಗೀರಥ ಪ್ರಯತ್ನ' ಎಂಬ ನುಡಿಗಟ್ಟಿನ ಅರ್ಥವನ್ನು ವಿವರಿಸುತ್ತಿದ್ದೆ. ಸಗರನ ಅರವತ್ತು ಸಾವಿರ ಮಕ್ಕಳು ಕಪಿಲ ಮುನಿಯ ಕೋಪಕ್ಕೆ ಸಿಕ್ಕಿ ಬೂದಿಯಾದದ್ದು, ಭಗೀರಥನ ತಪಸ್ಸು, ಶಿವನ ಜಟೆಯಿಂದ ಗಂಗೆ ಇಳಿದದ್ದು, ಎಲ್ಲವನ್ನೂ ಹೇಳಿ ಮುಗಿಸುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಹುಡುಗಿಯೊಬ್ಬಳು ಎದ್ದು ನಿಂತಳು. "ಸರ್, ಮೇ ತಿಂಗಳಲ್ಲಿ ನಮ್ಮ ಪಯಸ್ವಿನಿಯಲ್ಲಿ ಬರೀ ಬಂಡೆ ಕಾಣುತ್ತದೆ. ಗಂಗೆ ಹುಟ್ಟುವಲ್ಲಿ ಮಾತ್ರ ಆಗ ನೀರು ಏರುತ್ತದಂತೆ. ಅಲ್ಲಿ ಆಗ ಮಳೆಗಾಲವೇ?" ಎಂದು ಕೇಳಿದಳು. ಕನ್ನಡ ಪಂಡಿತನಾದ ನನಗೆ ಸರಿಯಾದ ಉತ್ತರ ಹೊಳೆಯಲಿಲ್ಲ. "ಅದು ಹಿಮದ ನೀರು" ಎಂದಷ್ಟೇ ಹೇಳಿ ಪಾಠ ಮುಂದುವರಿಸಿದೆ. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. 2019ರ ಬೇಸಗೆ ರಜೆಯಲ್ಲಿ ನಾಲ್ವರು ಗೆಳೆಯರೊಡನೆ ಕಾಸರಗೋಡಿನಿಂದ ಮಂಗಳಾ ಎಕ್ಸ್‌ಪ್ರೆಸ್ ಹಿಡಿದು ದಿಲ್ಲಿಗೆ, ಅಲ್ಲಿಂದ ಹರಿದ್ವಾರದ ಮಾರ್ಗವಾಗಿ ಗಂಗೋತ್ರಿಗೆ ಹೋಗಿ ಬಂದೆ. ಅಲ್ಲಿ ಕಂಡದ್ದನ್ನೂ, ಬಂದ ಮೇಲೆ ಓದಿ ತಿಳಿದದ್ದನ್ನೂ ಸೇರಿಸಿ ಈ ಲೇಖನ ಬರೆದಿದ್ದೇನೆ. ಆ ಹುಡುಗಿ ಈಗ ನಮ್ಮ ಶಾಲೆಯಲ್ಲಿಲ್ಲ. ಅವಳ ತಂಗಿ ಇದ್ದಾಳೆ. ಅಕ್ಕನಿಗೆ ಓದಿ ಹೇಳಲಿ.

ಗಂಗೋತ್ರಿ ಎಂದರೆ ಗಂಗೆಯ ಮೂಲ ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಗಂಗೋತ್ರಿ ದೇವಾಲಯವಿರುವ ಊರು. ನದಿ ಕಣ್ಣಿಗೆ ಕಾಣಿಸಿಕೊಳ್ಳುವ ಗೋಮುಖವು ಅಲ್ಲಿಂದ ಮೇಲಕ್ಕೆ ಸುಮಾರು 18 ಕಿಲೋಮೀಟರ್ ಕಾಲುದಾರಿಯ ಆಚೆ ಇದೆ. ಊರು ಸಮುದ್ರಮಟ್ಟದಿಂದ ಸುಮಾರು 3,100 ಮೀಟರ್ ಎತ್ತರದಲ್ಲಿದ್ದರೆ, ಗೋಮುಖ ಸುಮಾರು 4,000 ಮೀಟರ್ ಎತ್ತರದಲ್ಲಿದೆ. ನದಿಗೆ ಇಲ್ಲಿ ಗಂಗೆ ಎಂಬ ಹೆಸರೂ ಇಲ್ಲ, ಭಾಗೀರಥಿ ಎನ್ನುತ್ತಾರೆ. ಸುಮಾರು 205 ಕಿಲೋಮೀಟರ್ ಹರಿದು ದೇವಪ್ರಯಾಗದಲ್ಲಿ ಅಲಕನಂದೆಯನ್ನು ಕೂಡಿದ ಬಳಿಕವೇ ಅದು ಗಂಗೆ ಎನಿಸಿಕೊಳ್ಳುತ್ತದೆ. ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ ಕಾಸರಗೋಡಿನ ಬಳಿ ಕಡಲು ಸೇರುವ ನಮ್ಮ ಚಂದ್ರಗಿರಿ ಹೊಳೆಯ ಉದ್ದ ಸುಮಾರು 105 ಕಿಲೋಮೀಟರ್. ಅದರ ಎರಡರಷ್ಟು ಎಂದು ಲೆಕ್ಕ ಹಾಕಿಕೊಳ್ಳಿ. ಆದರೆ ಆ ದೂರದೊಳಗೆ ಭಾಗೀರಥಿ ಇಳಿಯುವುದು ಸುಮಾರು ಮೂರೂವರೆ ಸಾವಿರ ಮೀಟರ್!

ಗಂಗೋತ್ರಿಯಿಂದ ಮೇಲೆ ನಡೆಯುವವರು ಅರಣ್ಯ ಇಲಾಖೆಯ ಅನುಮತಿ ಪಡೆಯಬೇಕು. ದಿನಕ್ಕೆ ಇಂತಿಷ್ಟೇ ಜನ ಎಂಬ ಮಿತಿ ಇದೆ. ದಾರಿಯ ಮೊದಲ ಭಾಗದಲ್ಲಿ ದೇವದಾರು ಮರಗಳು. ಹಳಗನ್ನಡ ಕಾವ್ಯ ಓದುವಾಗ ಮಕ್ಕಳು ಈ ಮರದ ಹೆಸರನ್ನು ಕೇಳಿರುತ್ತಾರೆ, ಕಂಡಿರುವುದಿಲ್ಲ. ನೆಟ್ಟಗೆ ಬೆಳೆದ ಕಾಂಡ, ಅಡ್ಡಡ್ಡಕ್ಕೆ ತಟ್ಟೆಗಳನ್ನು ಜೋಡಿಸಿಟ್ಟಂತೆ ಕೊಂಬೆಗಳು. ಒಂಬತ್ತು ಕಿಲೋಮೀಟರ್ ನಡೆದರೆ ಚೀಡ್‌ಬಾಸಾ ಸಿಗುತ್ತದೆ. ಹೆಸರೇ ಹೇಳುವಂತೆ ಅದು ಪೈನ್ ಮರಗಳ ನೆಲೆ. ಮುಂದೆ ಐದು ಕಿಲೋಮೀಟರ್ ದಾಟಿದರೆ ಭೋಜಬಾಸಾ. ಭೋಜವೆಂದರೆ ಭೂರ್ಜ ವೃಕ್ಷ. ನಮ್ಮ ಹಿರಿಯರು ತಾಳೆಗರಿಯ ಮೇಲೆ ಕಂಠದಿಂದ ಕೊರೆದು ಬರೆದಂತೆ ಉತ್ತರದವರು ಈ ಮರದ ತೊಗಟೆಯ ಮೇಲೆ ಬರೆಯುತ್ತಿದ್ದರು. ತೊಗಟೆ ಕಾಗದದಂತೆ ಪದರ ಪದರವಾಗಿ ತಾನಾಗಿಯೇ ಸುಲಿದುಕೊಂಡಿರುತ್ತದೆ. ಮುಟ್ಟಿ ನೋಡಿದಾಗ ಭಾಷೆಯ ಮಾಸ್ತರನಿಗೆ ಏನನಿಸಿತೆಂದು ಬೇರೆ ಹೇಳಬೇಕಾಗಿಲ್ಲ. ಹೆಸರಿಗೆ ತಕ್ಕಷ್ಟು ಮರಗಳು ಮಾತ್ರ ಈಗ ಅಲ್ಲಿಲ್ಲ. ಯಾತ್ರಿಕರ ಒಲೆಗೆ ಸೌದೆಯಾಗಿ ಬಹಳಷ್ಟು ಹೋಯಿತು. ಉಳಿದವು ಅಲ್ಲಲ್ಲಿ ಇವೆ, ಹೊಸದಾಗಿ ನೆಟ್ಟವೂ ಇವೆ. ಅಲ್ಲಿಂದ ಮೇಲೆ ಮರವೆಂಬುದೇ ಇಲ್ಲ. ಕಲ್ಲು, ಮಣ್ಣು, ಗಾಳಿ, ಎದುರಿಗೆ ಭಾಗೀರಥಿ ಶಿಖರಗಳು.

ಗೋಮುಖವನ್ನು ಕಂಡಾಗ ನನಗೆ ಮೊದಲು ನಿರಾಶೆಯೇ ಆಯಿತು ಎಂದರೆ ಹಿರಿಯರು ಕ್ಷಮಿಸಬೇಕು. ಹಿಮನದಿ ಎಂದರೆ ಹಾಲಿನಂತೆ ಬೆಳ್ಳಗಿರುತ್ತದೆಂದು ಎಣಿಸಿದ್ದೆ. ಕಣ್ಣೆದುರು ಇದ್ದದ್ದು ಜಲ್ಲಿಯ ಕೋರೆಯಂಥ ಬೂದುಬಣ್ಣದ ದಿಣ್ಣೆ. ಅದರ ಮುಂಭಾಗ ಗೋಡೆಯಂತೆ ಕಡಿದಿತ್ತು. ಕಡಿದಲ್ಲಿ ಮಾತ್ರ ಹಸಿರು ನೀಲಿ ಛಾಯೆಯ ಮಂಜುಗಡ್ಡೆ ಕಾಣುತ್ತಿತ್ತು. ಅದರ ಅಡಿಯ ಗವಿಯಿಂದ ಬೂದಿ ಕಲಸಿದಂಥ ನೀರು ಭೋರೆಂದು ಹೊರಬೀಳುತ್ತಿತ್ತು. ಆ ಕಲ್ಲುರಾಶಿಯ ಕೆಳಗೆ ಇರುವುದೇ ಗಂಗೋತ್ರಿ ಹಿಮನದಿ. ಚೌಖಂಬಾ ಶಿಖರಸಮೂಹದ ಬುಡದಿಂದ ಸುಮಾರು 30 ಕಿಲೋಮೀಟರ್ ಉದ್ದಕ್ಕೆ ಅದು ಚಾಚಿಕೊಂಡಿದೆ. ಚೌಖಂಬಾದ ಅತಿ ಎತ್ತರದ ತುದಿ 7,138 ಮೀಟರ್. ದಾರಿಯಲ್ಲಿ ಕೀರ್ತಿ, ಸ್ವಚ್ಛಂದ ಮೊದಲಾದ ಉಪ ಹಿಮನದಿಗಳು ಹೊಳೆಗೆ ತೊರೆಗಳು ಸೇರುವಂತೆಯೇ ಅದಕ್ಕೆ ಸೇರುತ್ತವೆ.

ಗಡ್ಡೆಕಟ್ಟಿದ ಮಂಜು ಹರಿಯುವುದಾದರೂ ಹೇಗೆ? ಮನೆಯಲ್ಲಿ ಜೋನಿಬೆಲ್ಲವನ್ನು ಬಟ್ಟಲಿಗೆ ಹಾಕಿ ವಾಲಿಸಿ ಇಟ್ಟು ನೋಡಿ. ನೋಡುತ್ತಿರುವಾಗ ಅಲ್ಲಾಡದು, ಕೆಲಸ ಮುಗಿಸಿ ಬಂದು ನೋಡಿದರೆ ಅಂಚಿಗೆ ಬಂದಿರುತ್ತದೆ. ಎತ್ತರದ ಶಿಖರಗಳ ನಡುವೆ ವರ್ಷ ವರ್ಷವೂ ಬಿದ್ದ ಹಿಮ ಪೂರ್ತಿ ಕರಗದೆ ಒಂದರ ಮೇಲೊಂದು ಒಟ್ಟಿಕೊಳ್ಳುತ್ತದೆ. ಮೇಲಿನ ಭಾರಕ್ಕೆ ಅಡಿಯ ಹಿಮದೊಳಗಿನ ಗಾಳಿ ಹೊರಹೋಗಿ, ಹರಳು ಹರಳಾಗಿ, ಕೊನೆಗೆ ಗಟ್ಟಿ ಮಂಜುಗಡ್ಡೆಯಾಗುತ್ತದೆ. ಗಡ್ಡೆ ಸಾಕಷ್ಟು ದಪ್ಪವಾದಾಗ ತನ್ನ ತೂಕಕ್ಕೆ ತಾನೇ ಬಾಗಿ, ಜಾರಿ, ಇಳಿಜಾರಿನಲ್ಲಿ ಹೊರಡುತ್ತದೆ. ಹೊರಟದ್ದು ಬರಿಗೈಯಲ್ಲಿ ಹೋಗುವುದಿಲ್ಲ. ಇಕ್ಕೆಲದ ಬೆಟ್ಟಗಳಿಂದ ಉರುಳಿದ ಬಂಡೆಗಳನ್ನು ಬೆನ್ನ ಮೇಲೆ ಹೊರುತ್ತದೆ. ಅಡಿಯಲ್ಲಿ ಸಿಕ್ಕಿದ ಕಲ್ಲುಗಳನ್ನು ಹಿಡಿದುಕೊಂಡು, ಬಡಗಿ ಮರಳುಕಾಗದದಿಂದ ಹಲಗೆಯನ್ನು ಉಜ್ಜುವಂತೆ ನೆಲವನ್ನು ಉಜ್ಜುತ್ತದೆ. ಹೊಳೆ ನೆಲವನ್ನು ಕತ್ತಿಯ ಗೆರೆಯಂತೆ ಸೀಳುತ್ತದೆ. ಆದ್ದರಿಂದ ಹೊಳೆ ಕೊರೆದ ಕಣಿವೆ ಕೆಳಗೆ ಚೂಪು. ಹಿಮನದಿಯಾದರೋ ಕಣಿವೆಯ ತಳವನ್ನೂ ಗೋಡೆಗಳನ್ನೂ ಒಟ್ಟಿಗೆ ಕೆರೆಯುವುದರಿಂದ ಅದು ಬಿಟ್ಟುಹೋದ ಕಣಿವೆ ಹಟ್ಟಿಯಲ್ಲಿ ಹಸುಗಳಿಗೆ ನೀರಿಡುವ ಕಲ್ಲಿನ ಬಾನಿಯಂತೆ ಅಗಲವಾಗಿ, ಕಡಿದಾದ ಗೋಡೆಗಳಿಂದ ಕೂಡಿರುತ್ತದೆ. ಭೋಜಬಾಸಾದಲ್ಲಿ ನಿಂತು ಮೇಲ್ಗಡೆ ನೋಡಿದರೆ ಈ ಬಾನಿಯ ಆಕಾರ ಸ್ಪಷ್ಟವಾಗಿ ತಿಳಿಯುತ್ತದೆ. ಅದರ ಇಕ್ಕೆಲಗಳಲ್ಲಿ ಗದ್ದೆಯ ಬದುವಿನಂತೆ, ಆದರೆ ಹತ್ತಾರು ಆಳೆತ್ತರದ ಕಲ್ಲುಮಣ್ಣಿನ ಏರಿಗಳು ಸಾಲಾಗಿ ಸಾಗಿವೆ. ಭೂಗೋಳ ಪುಸ್ತಕದಲ್ಲಿ ಮೊರೇನ್ ಎಂದು ಬಾಯಿಪಾಠ ಮಾಡುತ್ತೀರಲ್ಲ, ಅದು ಇದೇ. ಹಿಮನದಿ ಒಂದು ಕಾಲದಲ್ಲಿ ಅಷ್ಟು ಎತ್ತರಕ್ಕೆ ತುಂಬಿತ್ತು ಎಂಬುದಕ್ಕೆ ಅದು ತಾನೇ ಇಟ್ಟುಹೋದ ಗುರುತು.

ಮೇಲಿನ ಕಲ್ಲುಹೊದಿಕೆಯ ಬಗ್ಗೆ ಇನ್ನೊಂದು ಮಾತು. ಮೀನು ಹೇರುವಲ್ಲಿ ಐಸಿನ ಗಡ್ಡೆಗಳ ಮೇಲೆ ಮರದ ಹುಡಿ ಮುಚ್ಚಿಡುವುದನ್ನು ಕಡಲ ಕರೆಯ ಮಕ್ಕಳು ನೋಡಿರುತ್ತಾರೆ. ದಪ್ಪವಾದ ಹೊದಿಕೆ ಇದ್ದರೆ ಗಡ್ಡೆ ಬೇಗ ಕರಗದು. ಹಿಮನದಿಯ ಮೇಲಿನ ದಪ್ಪ ಕಲ್ಲುಮಣ್ಣೂ ಅದೇ ಕೆಲಸ ಮಾಡುತ್ತದೆ. ಆದರೆ ತೆಳ್ಳಗೆ ಧೂಳು ಕೂತಲ್ಲಿ ಫಲ ತದ್ವಿರುದ್ಧ: ಕಪ್ಪು ಬಿಸಿಲನ್ನು ಹೀರಿ ಮಂಜನ್ನು ಇನ್ನಷ್ಟು ಬೇಗ ಕರಗಿಸುತ್ತದೆ.

ಈಗ ಹುಡುಗಿಯ ಪ್ರಶ್ನೆಗೆ ಬರೋಣ. ನಮ್ಮ ಹೊಳೆಗೆ ಮಳೆಯೇ ದಿಕ್ಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತುಂಬಿ, ಆಮೇಲೆ ನೆಲ ಕುಡಿದಿಟ್ಟ ನೀರನ್ನು ಸ್ವಲ್ಪ ಸ್ವಲ್ಪವೇ ಪಡೆಯುತ್ತಾ, ಮೇ ಹೊತ್ತಿಗೆ ಬಡವಾಗುತ್ತದೆ. ಆಗ ಕಡಲಿನ ಉಪ್ಪುನೀರು ಹೊಳೆಯೊಳಗೆ ಏರಿಬರುತ್ತದೆ. ಭಾಗೀರಥಿಯ ತಲೆಯ ಕಡೆಯಲ್ಲಿ ಚಳಿಗಾಲದ ಹಿಮ ಬೀಳುವಾಗ ನದಿ ಸೊರಗಿರುತ್ತದೆ, ಏಕೆಂದರೆ ಬಿದ್ದದ್ದೆಲ್ಲ ಬಿದ್ದಲ್ಲೇ ಹೆಪ್ಪುಗಟ್ಟಿರುತ್ತದೆ. ಬಿಸಿಲು ಚುರುಕಾದಂತೆ ನೀರು ಏರುತ್ತದೆ. ಅಂದರೆ ನಮ್ಮ ಹೊಳೆಯನ್ನು ಒಣಗಿಸುವ ಅದೇ ಸೂರ್ಯ ಆ ನದಿಯನ್ನು ತುಂಬಿಸುತ್ತಾನೆ. ವರ್ಷದ ಈ ಏರಿಳಿತ ಒಂದೇ ದಿನದೊಳಗೂ ನಡೆಯುತ್ತದೆ. ನಾವು ಬೆಳಿಗ್ಗೆ ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ದಾಟಿದ ಪಕ್ಕದ ತೊರೆಯೊಂದು, ಮಧ್ಯಾಹ್ನ ಹಿಂದಿರುಗುವಾಗ ಆ ಕಲ್ಲುಗಳನ್ನು ಮುಳುಗಿಸಿ ಹರಿಯುತ್ತಿತ್ತು. ಮಳೆಯ ಹನಿ ಒಂದೂ ಬಿದ್ದಿರಲಿಲ್ಲ. ಆದರೆ ಇದನ್ನು ಅತಿಯಾಗಿ ಎಳೆಯಬಾರದು. ಕೆಳಗೆ ಇಳಿದಂತೆ ಮಳೆಯ ಪಾಲು ಹೆಚ್ಚುತ್ತದೆ. ಬಯಲಿನಲ್ಲಿ ಹರಿಯುವ ಗಂಗೆಯಲ್ಲಿ ಮಳೆನೀರು ಮತ್ತು ನೆಲದೊಳಗಿನ ಒರತೆಯೇ ಹೆಚ್ಚು. ಕಾಶಿಯಲ್ಲಿ ಮಿಂದವರು ಬರೀ ಹಿಮದ ನೀರಿನಲ್ಲಿ ಮಿಂದರೆಂದು ತಿಳಿಯಬೇಕಾಗಿಲ್ಲ.

ಗೋಮುಖ ಎಂಬ ಹೆಸರು ಒಂದೇ, ಜಾಗ ಒಂದೇ ಅಲ್ಲ. 1817ರಲ್ಲಿ ಹಾಡ್ಜ್‌ಸನ್ ಎಂಬ ಸರ್ವೇ ಅಧಿಕಾರಿ ಇಲ್ಲಿಗೆ ತಲುಪಿ, ಹಿಮದ ಕಮಾನಿನ ಅಡಿಯಿಂದ ನದಿ ಹೊರಬರುವುದನ್ನು ಕಂಡು ಬರೆದಿಟ್ಟರು. 1935ರಲ್ಲಿ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯ ಜಾನ್ ಆಡನ್ ಹಿಮನದಿಯ ಮೂತಿಯನ್ನು ಅಳೆದು ನಕ್ಷೆ ಮಾಡಿದರು. (ಇಂಗ್ಲಿಷ್ ಕವಿ ಆಡನ್ ಇವರ ತಮ್ಮ. ಒಬ್ಬ ಮಾತು ಅಳೆದ, ಇನ್ನೊಬ್ಬ ಮಂಜು ಅಳೆದ!) ಆ ನಕ್ಷೆಯೇ ಮುಂದಿನವರಿಗೆಲ್ಲ ಅಳತೆಗೋಲಾಯಿತು. ಅಂದಿನಿಂದ 2022ರವರೆಗೆ ಹಿಮನದಿಯ ಮೂತಿ ಸುಮಾರು 1,700 ಮೀಟರ್ ಹಿಂದಕ್ಕೆ ಸರಿದಿದೆ. ಸರಾಸರಿ ವರ್ಷಕ್ಕೆ ಸುಮಾರು 20 ಮೀಟರ್. ನಮ್ಮ ಶಾಲೆಯ ಗೇಟಿನಿಂದ ಒಂದೂವರೆ ಕಿಲೋಮೀಟರಿಗೂ ಮಿಕ್ಕಿ ನಡೆದರೆ ಎಷ್ಟು ದೂರವಾಗುತ್ತದೆಂದು ನೋಡಿ. ಅಷ್ಟು ದೂರ, ಮೂರು ತಲೆಮಾರಿನೊಳಗೆ. ಭೂಮಿಯ ತಾಪ ಏರುತ್ತಿರುವುದು ಇದಕ್ಕೆ ಮುಖ್ಯ ಕಾರಣ. ಇದಲ್ಲದೆ 2017ರ ಜುಲೈಯಲ್ಲಿ ಮೇರು ಹಿಮನದಿಯ ಕಡೆಯಿಂದ ನುಗ್ಗಿದ ಕಲ್ಲುಮಣ್ಣು ಗೋಮುಖದ ಮುಂದೆ ರಾಶಿ ಬಿದ್ದು ನೀರಿನ ದಾರಿಯನ್ನೇ ತಿರುಗಿಸಿತು. ಹಳೆಯ ಕ್ಯಾಲೆಂಡರ್ ಚಿತ್ರದಲ್ಲಿ ಕಾಣುವ ಹಸುವಿನ ಮುಖವನ್ನು ಹುಡುಕಿಕೊಂಡು ಹೋದವರಿಗೆ ಅದು ಸಿಗುವುದಿಲ್ಲ.

ಇನ್ನೂ ಹಿಂದಕ್ಕೆ ಹೋದರೆ ಕಥೆ ದೊಡ್ಡದು. ಸುಮಾರು ಅರವತ್ತು ಸಾವಿರ ವರ್ಷಗಳ ಹಿಂದೆ ಈ ಹಿಮನದಿ ಈಗಿನ ಗೋಮುಖದಿಂದ 40 ಕಿಲೋಮೀಟರ್ ಕೆಳಗಿನ ಝಾಲಾ ಎಂಬ ಊರಿನವರೆಗೂ ಚಾಚಿತ್ತೆಂದು ಭೂವಿಜ್ಞಾನಿಗಳು ಅದು ಬಿಟ್ಟುಹೋದ ಕಲ್ಲುರಾಶಿಗಳಿಂದ ಲೆಕ್ಕ ಹಾಕಿದ್ದಾರೆ. ಈಗಿನ ಗಂಗೋತ್ರಿ ದೇವಾಲಯದ ಜಾಗವೂ ಮಂಜಿನಡಿಯಲ್ಲಿತ್ತು ಎಂದಾಯಿತು.

ಆ ದೇವಾಲಯವನ್ನು ಗೂರ್ಖಾ ಸೇನಾಪತಿ ಅಮರಸಿಂಗ್ ಥಾಪಾ ಕಟ್ಟಿಸಿದನು. ಅಕ್ಷಯ ತೃತೀಯೆಗೆ ಬಾಗಿಲು ತೆರೆಯುತ್ತದೆ. ದೀಪಾವಳಿಯ ವೇಳೆಗೆ ಮುಚ್ಚಿ, ಉತ್ಸವಮೂರ್ತಿಯನ್ನು ಕೆಳಗಿನ ಮುಖ್ಬಾ ಗ್ರಾಮಕ್ಕೆ ಕೊಂಡೊಯ್ಯುತ್ತಾರೆ. ದೇವಾಲಯದಿಂದ ಸ್ವಲ್ಪ ಕೆಳಗೆ, ಕೇದಾರಗಂಗೆ ಬಂದು ಸೇರಿದ ಮೇಲೆ, ನದಿ ಒಮ್ಮೆಲೇ ಬಿಳಿ ಗ್ರಾನೈಟ್ ಬಂಡೆಯೊಳಗೆ ಧುಮುಕುತ್ತದೆ. ಬಂಡೆಯನ್ನು ನೀರು ಗುಡಾಣದಂತೆ, ಒರಳಿನಂತೆ ಕಡೆದಿದೆ. ಮುಂದೆ ಭೈರೋಘಾಟಿಯ ಬಳಿ ಜಾಡ್‌ಗಂಗೆ ಸೇರುವಲ್ಲಿ ಸೇತುವೆಯಿಂದ ಕೆಳಗೆ ನೋಡಿದರೆ ನೀರು ದಾರದ ಎಳೆಯಷ್ಟು ಕಾಣುತ್ತದೆ. ಜಹ್ನು ಮುನಿ ಗಂಗೆಯನ್ನು ಕುಡಿದು ಮತ್ತೆ ಹೊರಬಿಟ್ಟ ಕಥೆಯನ್ನು ಜನ ಈ ಜಾಗಕ್ಕೆ ಹೊಂದಿಸಿದ್ದಾರೆ. ಜಾಡ್‌ಗಂಗೆಗೆ ಜಾಹ್ನವಿ ಎಂಬ ಹೆಸರೂ ಇದೆ. ಆ ಕಮರಿಯನ್ನು ಕಂಡವರಿಗೆ ಕಥೆ ಕಟ್ಟಿದವರ ಕಣ್ಣಿನ ಮೇಲೆ ಗೌರವ ಮೂಡದೆ ಇರದು.

ಕಮರಿ ಮುಗಿಯುತ್ತಿದ್ದಂತೆ ಹರ್ಸಿಲ್ ಕಣಿವೆ. ಇಷ್ಟು ಹೊತ್ತು ಬಂಡೆಯೊಳಗೆ ಹೆಣಗಿದ ನದಿ ಇಲ್ಲಿ ಅಗಲವಾದ ಮರಳು ಮತ್ತು ಉರುಟುಕಲ್ಲುಗಳ ಹಾಸಿನ ಮೇಲೆ ಜಡೆ ಬಿಚ್ಚಿದಂತೆ ಹಲವು ಕವಲಾಗಿ ಹರಿಯುತ್ತದೆ. ಝಾಲಾದ ಬಳಿ ಎಂದೋ ಬೆಟ್ಟ ಕುಸಿದು ನದಿಗೆ ಅಡ್ಡವಾಗಿ, ಕೆರೆ ನಿಂತು, ಹೂಳು ತುಂಬಿ ಈ ಸಮತಟ್ಟು ಉಂಟಾಯಿತೆಂದು ಹೇಳುತ್ತಾರೆ. ಸೇಬಿನ ತೋಟಗಳು, ರಾಜ್ಮಾ ಬೆಳೆಯುವ ಹೊಲಗಳು, ಹಿಂದೆ ದೇವದಾರು ಕಾಡು. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರೆಡ್ರಿಕ್ ವಿಲ್ಸನ್ ಎಂಬ ಇಂಗ್ಲಿಷಿನವನು ಇಲ್ಲಿ ನೆಲಸಿ, ದೇವದಾರುಗಳನ್ನು ಕಡಿಸಿ, ದಿಮ್ಮಿಗಳನ್ನು ನದಿಯಲ್ಲೇ ತೇಲಿಬಿಟ್ಟು ಹರಿದ್ವಾರದ ಕಡೆಗೆ ಸಾಗಿಸುತ್ತಿದ್ದ. ಅವು ರೈಲುಹಳಿಯ ಅಡ್ಡಪಟ್ಟಿಗಳಾದವು. ಸೇಬನ್ನೂ ಅಲ್ಲಿಗೆ ತಂದವನು ಅವನೇ.

ಹರ್ಸಿಲ್ ಪಕ್ಕದ ಧರಾಲಿಯಲ್ಲಿ ನಮ್ಮ ಬಸ್ಸು ಊಟಕ್ಕೆ ನಿಂತಿತ್ತು. ರಸ್ತೆಯ ಬದಿಯ ಹೋಟೆಲಿನಲ್ಲಿ ರೊಟ್ಟಿ, ರಾಜ್ಮಾ ಉಂಡೆವು. ಬಡಿಸುತ್ತಿದ್ದ ಅಜ್ಜಿ "ದೂರದಿಂದ ಬಂದಿದ್ದೀರಿ, ಇನ್ನೊಂದು ಹಾಕಿಕೊಳ್ಳಿ" ಎಂದು ಹಿಂದಿಯಲ್ಲಿ ಒತ್ತಾಯ ಮಾಡಿದರು. ಹೋಟೆಲಿನ ಹಿಂದೆ ಸಣ್ಣ ತೊರೆಯೊಂದು ಬೆಟ್ಟದಿಂದ ಇಳಿದು ಬರುತ್ತಿತ್ತು. ಅದರ ಹೆಸರು ಖೀರ್‌ಗಾಡ್. (ಗಾಡ್ ಎಂದರೆ ಇಂಗ್ಲಿಷಿನ ದೇವರಲ್ಲ, ಗಢವಾಲಿ ಭಾಷೆಯಲ್ಲಿ ತೊರೆ.) ಆ ತೊರೆ ಮೇಲಿನಿಂದ ತಂದು ಬೀಸಣಿಗೆಯಂತೆ ಹರಡಿದ ಕಲ್ಲುಮಣ್ಣಿನ ಮೇಲೆಯೇ ಪೇಟೆ ನಿಂತಿತ್ತು. ಕಡಿದಾದ ಕಣಿವೆಯಲ್ಲಿ ಮನೆ ಕಟ್ಟಲು ಅಂಥ ಜಾಗವಲ್ಲದೆ ಬೇರೆ ಸಮನೆಲ ಸಿಗುವುದು ಕಷ್ಟ. 2025ರ ಆಗಸ್ಟ್ 5ರ ಮಧ್ಯಾಹ್ನ ಆ ತೊರೆಯಲ್ಲಿ ಕೆಸರು, ಬಂಡೆ, ನೀರು ಒಟ್ಟಾಗಿ ನುಗ್ಗಿ, ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಧರಾಲಿಯ ಮನೆ ಹೋಟೆಲುಗಳನ್ನು ಹೂತುಹಾಕಿತು. ಅಲ್ಲಿನ ಕಲ್ಪಕೇದಾರ ಎಂಬ ಹಳೆಯ ಶಿವಾಲಯವೂ ಮುಚ್ಚಿಹೋಯಿತು. ಆ ಗುಡಿ ಹಿಂದೆ ಒಮ್ಮೆ ಹೀಗೆಯೇ ಹೂಳಿನಲ್ಲಿ ಹುಗಿದು, ಜನ ಮಣ್ಣು ತೋಡಿ ಹೊರತೆಗೆದದ್ದು! ನೆಲ ತನ್ನ ಕಥೆಯನ್ನು ಮೊದಲೇ ಹೇಳಿತ್ತು. ಟಿ.ವಿ.ಯಲ್ಲಿ ಆ ದೃಶ್ಯವನ್ನು ನೋಡುವಾಗ ನಾವು ಉಂಡ ಹೋಟೆಲು ಯಾವುದೆಂದು ಹುಡುಕಿದೆ, ಗುರುತು ಸಿಗಲಿಲ್ಲ. ಆ ಅಜ್ಜಿ ಏನಾದರೋ.

ಇದು ಮೊದಲ ಸಲವಲ್ಲ. 1978ರ ಆಗಸ್ಟ್‌ನಲ್ಲಿ ಕನೋಡಿಯಾಗಾಡ್ ಎಂಬ ತೊರೆ ತಂದ ಮಣ್ಣು ಭಾಗೀರಥಿಗೇ ಅಡ್ಡಗಟ್ಟೆಯಾಯಿತು. ಹಿಂದೆ ಕೆರೆ ತುಂಬಿ, ಕಟ್ಟೆ ಒಡೆದು, ಕೆಳಗಿನ ಉತ್ತರಕಾಶಿಯವರೆಗೂ ಪ್ರವಾಹ ನುಗ್ಗಿತು. 1991ರ ಅಕ್ಟೋಬರ್ 20ರಂದು ಅದೇ ಉತ್ತರಕಾಶಿಯ ಸೀಮೆಯನ್ನು ಭೂಕಂಪ ನಡುಗಿಸಿತು. ಹಿಮಾಲಯ ಈಗಲೂ ಎತ್ತರವಾಗುತ್ತಿರುವ ಪರ್ವತ. ಹಿಮನದಿ ಬಿಟ್ಟುಹೋದ ಸಡಿಲ ಮಣ್ಣು ಅದರ ಮೈಮೇಲೆಲ್ಲ ಇದೆ. ಮಳೆಯೂ ಕಂಪನವೂ ಅದನ್ನು ಕದಲಿಸಲು ಸಾಕು. ಗೋಮುಖದಿಂದ ಉತ್ತರಕಾಶಿಯವರೆಗಿನ ಪ್ರದೇಶವನ್ನು ಕೇಂದ್ರ ಸರಕಾರ 2012ರಲ್ಲಿ ಪರಿಸರ ಸೂಕ್ಷ್ಮ ವಲಯವೆಂದು ಘೋಷಿಸಿದ್ದು ಸುಮ್ಮನೆ ಅಲ್ಲ. ಆ ಘೋಷಣೆಯಿಂದ ತಮ್ಮ ರಸ್ತೆ, ಕಟ್ಟಡ, ಉದ್ಯೋಗಕ್ಕೆ ತೊಡಕಾಗುತ್ತದೆಂದು ಅಲ್ಲಿನ ಜನ ಬೇಸರಪಟ್ಟದ್ದೂ ಉಂಟು. ಯಾತ್ರಿಕರಾಗಿ ಎರಡು ದಿನ ಇದ್ದು ಬಂದ ನಾವು ಅವರಿಗೆ ಬುದ್ಧಿ ಹೇಳುವುದು ಸುಲಭ.

ಉತ್ತರಕಾಶಿಯಿಂದ ಕೆಳಗಿನ ನದಿಯ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಏಕೆಂದರೆ ಅಲ್ಲಿಂದ ಮುಂದೆ ಅದು ಬಹುದೂರ ನದಿಯಾಗಿ ಉಳಿದಿಲ್ಲ. ಟೆಹ್ರಿ ಅಣೆಕಟ್ಟಿನ ಜಲಾಶಯವಾಗಿದೆ. 260.5 ಮೀಟರ್ ಎತ್ತರದ ಈ ಅಣೆಕಟ್ಟು 2006ರಲ್ಲಿ ಕೆಲಸ ಆರಂಭಿಸಿತು. ಭಿಲಂಗನಾ ನದಿ ಬಂದು ಸೇರುತ್ತಿದ್ದ ಹಳೆಯ ಟೆಹ್ರಿ ಪಟ್ಟಣ ನೀರಿನಡಿಯಲ್ಲಿದೆ. ಇದನ್ನು ವಿರೋಧಿಸಿ ಸುಂದರಲಾಲ ಬಹುಗುಣರು ಭಾಗೀರಥಿಯ ದಡದ ಗುಡಿಸಲಿನಲ್ಲಿ ಕುಳಿತು ಉಪವಾಸ ಮಾಡಿದ್ದರು. ಅವರ ಸೀಮೆಯ ಚಿಪ್ಕೊ ಚಳವಳಿಯಿಂದಲೇ ಉತ್ತರ ಕನ್ನಡದ ಶಿರಸಿಯ ಕಡೆ 1983ರಲ್ಲಿ 'ಅಪ್ಪಿಕೋ' ಹುಟ್ಟಿಕೊಂಡಿತು. ಬಹುಗುಣರು 2021ರಲ್ಲಿ ತೀರಿಕೊಂಡರು.

ಗೋಮುಖದಿಂದ ನಾನು ಎರಡು ಪಾತ್ರೆಗಳಲ್ಲಿ ನೀರು ತಂದೆ. ಒಂದು ಅಮ್ಮನಿಗೆ, ತಾಮ್ರದ ಗಿಂಡಿಯಲ್ಲಿ, ಬಾಯಿಗೆ ಬೆಸುಗೆ ಹಾಕಿಸಿ. ಇನ್ನೊಂದು ತರಗತಿಗೆ, ಪ್ಲಾಸ್ಟಿಕ್ ಬಾಟ್ಲಿಯಲ್ಲಿ. "ಗಂಗೆಯನ್ನು ಬಾಟ್ಲಿಯಲ್ಲಿ ಹಾಕಿ ಮಕ್ಕಳ ಕೈಗೆ ಕೊಡುತ್ತೀಯಾ ಮಗಾ?" ಎಂದು ಅಮ್ಮ ಮುಖ ಸಪ್ಪೆ ಮಾಡಿದರು. ಪ್ರಯಾಣದಲ್ಲಿ ಅಲುಗಾಡಿ ನೀರು ಬೂದುಬಣ್ಣಕ್ಕೇ ಇತ್ತು. ಮೇಜಿನ ಮೇಲೆ ಅಲ್ಲಾಡಿಸದೆ ಇಟ್ಟೆವು. ದಿನಗಳು ಕಳೆದಂತೆ ಮೇಲಿನ ನೀರು ತಿಳಿಯಾಗಿ, ತಳದಲ್ಲಿ ಬೂದಿಯಂಥ ನಯವಾದ ಹುಡಿ ಕೂತಿತು. ಹಿಮನದಿ ಬಂಡೆಯನ್ನು ಅರೆದಾಗ ಬಿದ್ದ ಹಿಟ್ಟು ಅದು. ಬಾಟ್ಲಿಯನ್ನು ಬಿಸಿಲಿಗೆ ಹಿಡಿದು ಕುಲುಕಿದರೆ ಹಿಟ್ಟಿನ ನಡುವೆ ಮಿಣಮಿಣ ಹೊಳೆಯುತ್ತಿತ್ತು. "ಚಿನ್ನವೇ ಸರ್?" ಎಂದು ಕೇಳಿದರು. ಚಿನ್ನವಲ್ಲ, ಕಾಗೆಬಂಗಾರ. ಗಂಗೋತ್ರಿಯ ಗ್ರಾನೈಟಿನಲ್ಲಿ ಅದು ಧಾರಾಳವಾಗಿದೆ. ಮಕ್ಕಳು ಸರದಿಯಲ್ಲಿ ನಿಂತು ನೋಡುತ್ತಿದ್ದ ವಿಷಯವನ್ನು ಮನೆಗೆ ಹೋಗಿ ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ನನ್ನ ಗಿಂಡಿಯಲ್ಲಿಯೂ ಹಿಮಾಲಯದ ಚೂರು ಉಂಟೋ?" ಎಂದು ಕೇಳಿದರು.

ಉಂಟು ಎಂದೆ. ಗಿಂಡಿ ದೇವರ ಕೋಣೆಯಲ್ಲಿ ಇನ್ನೂ ಬೆಸುಗೆ ಬಿಚ್ಚದೆ ಇದೆ. ಬಾಟ್ಲಿ ನಮ್ಮ ಶಾಲೆಯ ವಿಜ್ಞಾನ ಕೋಣೆಯ ಎರಡನೆಯ ಕಪಾಟಿನಲ್ಲಿದೆ. ನೋಡಬೇಕೆನಿಸಿದವರು, ಮಕ್ಕಳಾಗಲಿ ಹೆತ್ತವರಾಗಲಿ, ಬಂದು ಕುಲುಕಿ ನೋಡಬಹುದು. ಮುಚ್ಚಳ ಮಾತ್ರ ತೆಗೆಯಬೇಡಿ.